ಅರವತ್ತು ಸಸಿಗಳಲ್ಲಿ ಹನ್ನೊಂದು ಉಳಿದಿವೆ. ಈ ವರ್ಷ ಇನ್ನೂರು ನೆಡಬಹುದೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ಕಲಬುರಗಿಯ ಹೊರವಲಯದ ಬಡಾವಣೆಯೊಂದರಲ್ಲಿ ವಾಸವಾಗಿದ್ದೇನೆ. ಇಲ್ಲಿ ಸುಮಾರು 140 ಮನೆಗಳಿವೆ. ರಸ್ತೆಗಳೆಲ್ಲ ಕಾಂಕ್ರೀಟು, ಮನೆಗಳ ಮುಂದೆ ಗೋಡೆಯ ಬುಡದವರೆಗೂ ಶಹಾಬಾದ್ ಹಾಸುಗಲ್ಲು. ಏಪ್ರಿಲ್ ಬಂತೆಂದರೆ ಬೆಳಿಗ್ಗೆ ಹತ್ತರ ಮೇಲೆ ಹೊರಗೆ ಕಾಲಿಡಲಾಗುವುದಿಲ್ಲ. ಕಳೆದ ವರ್ಷ ಜೂನ್ 5ರಂದು ನಿವಾಸಿಗಳ ಸಂಘದಿಂದ 60 ಸಸಿ ನೆಟ್ಟೆವು. ಈ ಮೇ ಹೊತ್ತಿಗೆ 11 ಉಳಿದಿವೆ. ಕೆಲವನ್ನು ಆಡು ತಿಂದವು, ಹೆಚ್ಚಿನವು ಒಣಗಿದವು. ಅಂಗಡಿಯೊಂದರ ಮುಂದಿನ ಹೊಂಗೆಗೆ ಯಾರೋ ಬಿಸಿನೀರು ಸುರಿದಿರುವ ಅನುಮಾನವೂ ಇದೆ. ಈ ಸಲ 200 ನೆಡಬೇಕೆಂದು ಸಂಘದವರು ಹೊರಟಿದ್ದಾರೆ. ಆದರೆ ಮನೆಯ ಮುಂದೆ ಗಿಡ ಬೇಡ ಎನ್ನುವವರೇ ಹೆಚ್ಚು. ಬೇರು ಪಾಯ ಸೀಳುತ್ತದೆ, ಎಲೆ ಉದುರುತ್ತದೆ, ಹಾವು ಬರುತ್ತದೆ, ಒಮ್ಮೆ ಬೆಳೆದರೆ ಕಡಿಯಲು ಬಿಡುವುದಿಲ್ಲ ಎನ್ನುತ್ತಾರೆ. ಒಂದು ಬೇವಿನ ಮರ ಹತ್ತು ಎ.ಸಿ.ಗೆ ಸಮ ಎಂಬ ವಾಟ್ಸಾಪ್ ಸಂದೇಶವನ್ನು ಎಲ್ಲರಿಗೂ ಕಳುಹಿಸಿದೆವು, ಆದರೂ ಪ್ರಯೋಜನವಾಗಲಿಲ್ಲ. ಜನರನ್ನು ಒಪ್ಪಿಸುವುದು ಹೇಗೆ? ಯಾವ ಗಿಡ ನೆಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ, ಎರಡರ ಅಡಿಯಲ್ಲೂ ಒಂದು ಬೇಸರವಿದೆ: ಇಷ್ಟು ಬಿಸಿಲಿನಲ್ಲಿ ಬೇಯುತ್ತಿರುವ ಜನ ನೆರಳನ್ನೇ ಬೇಡವೆನ್ನುವುದೇಕೆ? ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೀದಿಮರಗಳ ಕೆಲಸ ಮಾಡಿರುವ ನನಗೆ ಈ ಬೇಸರದ ಪರಿಚಯ ಚೆನ್ನಾಗಿಯೇ ಇದೆ. ನಿಮ್ಮ ನೆರೆಯವರ ನಾಲ್ಕು ಆಕ್ಷೇಪಗಳಲ್ಲಿ ಮೂರಕ್ಕೆ ಒಂದಿಷ್ಟಾದರೂ ಆಧಾರವಿದೆ. ನೀವು ಕಳುಹಿಸಿದ ವಾಟ್ಸಾಪ್ ಸಂದೇಶಕ್ಕೆ ಅಷ್ಟೂ ಇಲ್ಲ. ಆದ್ದರಿಂದ ಅದನ್ನೇ ಮೊದಲು ನೋಡೋಣ.

ಹತ್ತು ಎ.ಸಿ.ಯ ಮಾತು ಹುಟ್ಟಿದ್ದು ಒಂದು ನಿಜದಿಂದಲೇ. ಮರವು ಬೇರಿನಿಂದ ಹೀರಿದ ನೀರನ್ನು ಎಲೆಗಳ ಮೂಲಕ ಆವಿಯಾಗಿ ಬಿಡುತ್ತದೆ, ಆ ಆವಿಯಾಗುವಿಕೆಗೆ ಬೇಕಾದ ಶಾಖವನ್ನು ಸುತ್ತಲಿನಿಂದ ಸೆಳೆದುಕೊಳ್ಳುತ್ತದೆ. ಒಂದು ದೊಡ್ಡ ಮರ ದಿನಕ್ಕೆ 100 ಲೀಟರ್ ನೀರು ಬಿಟ್ಟಿತೆಂದು ಇಟ್ಟುಕೊಂಡರೆ ಅದು ಸುಮಾರು 68 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಹೀರುತ್ತದೆ. ಇದು ಒಂದೂವರೆ ಟನ್ನಿನ ಒಂದೇ ಒಂದು ಎ.ಸಿ. ಹದಿಮೂರು ಗಂಟೆ ಓಡಿ ಕೋಣೆಯಿಂದ ಹೊರಹಾಕುವಷ್ಟು ಶಾಖ. ಅದೂ ಬಾಗಿಲು ಮುಚ್ಚಿದ ಕೋಣೆಯಲ್ಲಲ್ಲ, ಬಯಲಿನಲ್ಲಿ. ತಂಪಾದ ಗಾಳಿ ನಿಲ್ಲದೆ ಸಾಗಿಹೋಗುತ್ತದೆ. ಇನ್ನೊಂದು ತೊಡಕೂ ಇದೆ. ನಿಮಗೆ ತಂಪು ಅತಿ ಹೆಚ್ಚು ಬೇಕಾಗಿರುವ ಮೇ ತಿಂಗಳಿನಲ್ಲಿ ನೆಲದಲ್ಲಿ ನೀರೇ ಇರುವುದಿಲ್ಲ, ಆಗ ಮರ ತನ್ನ ಜೀವ ಉಳಿಸಿಕೊಳ್ಳಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ಆವಿಯನ್ನು ತಡೆಹಿಡಿಯುತ್ತದೆ.

ಹಾಗಾದರೆ ಬೇಸಿಗೆಯಲ್ಲಿ ಮರ ಕೊಡುವುದೇನು? ನೆರಳು. ಅದನ್ನು ಕಡಿಮೆ ಎಂದುಕೊಳ್ಳಬೇಡಿ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲಿ ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರಗಳಿರುವ ರಸ್ತೆಭಾಗದಲ್ಲಿ ಗಾಳಿಯ ಉಷ್ಣಾಂಶ ಮರಗಳಿಲ್ಲದ ಭಾಗಕ್ಕಿಂತ 5.6 ಡಿಗ್ರಿಯವರೆಗೆ ಕಡಿಮೆ ಇತ್ತು. ಡಾಂಬರಿನ ಮೇಲ್ಮೈಯಲ್ಲಂತೂ ವ್ಯತ್ಯಾಸ 27.5 ಡಿಗ್ರಿಯವರೆಗೆ ಹೋಗಿತ್ತು. ಈ ಎರಡನೆಯ ಅಂಕಿಯೇ ನಿಮಗೆ ಮುಖ್ಯ. ನಿಮ್ಮ ಜಿಲ್ಲೆಯದೇ ಕಲ್ಲಾದ ಶಹಾಬಾದ್ ಹಾಸು ಮಧ್ಯಾಹ್ನವಿಡೀ ಕಾದು ಸಂಜೆ ಏಳರವರೆಗೂ ಗೋಡೆಗೆ, ಕಿಟಕಿಗೆ, ಮೈಗೆ ಕಾವು ಉಗುಳುತ್ತಲೇ ಇರುತ್ತದೆ. ಆ ಕಲ್ಲಿಗೆ ಬಿಸಿಲು ತಾಗದಂತೆ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಆದರೆ ಇಡೀ ಬಡಾವಣೆ ತಂಪಾಗುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ. ಯುರೋಪಿನ 93 ನಗರಗಳ ಲೆಕ್ಕ ಹಾಕಿದ ಒಂದು ಅಧ್ಯಯನದ ಪ್ರಕಾರ, ನಗರದ ನೆಲದ ಶೇ. 30ರಷ್ಟನ್ನು ಮರಗಳು ಮುಚ್ಚಿದರೂ ಊರಿನ ಸರಾಸರಿ ಉಷ್ಣಾಂಶ ಇಳಿಯುವುದು 0.4 ಡಿಗ್ರಿ ಮಾತ್ರ. ಆ ಅಲ್ಪ ಇಳಿಕೆಯೂ ಸಾವಿರಾರು ಜೀವಗಳನ್ನು ಉಳಿಸಬಲ್ಲದು ಎಂಬುದು ಅದೇ ಅಧ್ಯಯನದ ಮಾತು, ಆದರೆ ಮನೆಯೊಳಗೆ ಕುಳಿತವರ ಮೈಗೆ ಅದು ಗೊತ್ತಾಗುವುದಿಲ್ಲ. ರಾತ್ರಿಯ ಸೆಕೆಗೂ ಮರದಿಂದ ಹೆಚ್ಚಿನ ಪರಿಹಾರವಿಲ್ಲ. ಮನೆಯ ಗೇಟಿನಿಂದ ಬಸ್ ನಿಲ್ದಾಣದವರೆಗೆ ನೆರಳಿನಲ್ಲಿ ನಡೆಯಬಹುದು, ಪಡುವಣ ಗೋಡೆ ಸಂಜೆ ಕಾಯುವುದಿಲ್ಲ ಎಂದಷ್ಟೇ ಹೇಳಿ. ಈಡೇರುವ ಮಾತು ಅದು.

ಇನ್ನು ಆಕ್ಷೇಪಗಳು. ಬೇರು ಪಾಯ ಸೀಳುತ್ತದೆ ಎಂಬುದು ಬೇರೆ ಊರಿನಲ್ಲಿ ಅತಿಶಯೋಕ್ತಿಯಾಗಬಹುದು, ಕಲಬುರಗಿಯ ಎರೆಯಲ್ಲಿ, ಅಂದರೆ ಕಪ್ಪುಮಣ್ಣಿನಲ್ಲಿ, ಅಲ್ಲ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಇಳಿಯುವಷ್ಟು ಅಗಲಕ್ಕೆ ಬಾಯಿ ಬಿಡುತ್ತದೆ. ನಿಮ್ಮ ಕಡೆಯ ಮನೆಗಳ ಗೋಡೆಗಳಲ್ಲಿ ಕಾಣುವ ಓರೆ ಬಿರುಕುಗಳಲ್ಲಿ ಬಹುಪಾಲು ಈ ಉಬ್ಬುಕುಗ್ಗಿನಿಂದಲೇ ಬಂದವು. ಹತ್ತಿರದಲ್ಲಿ ಮರವೇ ಇಲ್ಲದ ಮನೆಗಳಲ್ಲೂ ಅವು ಇವೆ. ಆದರೆ ಪಾಯದ ಪಕ್ಕದಲ್ಲೇ ದೊಡ್ಡ ಮರವಿದ್ದರೆ ಅದರ ಬೇರು ಒಂದು ಮೂಲೆಯ ತೇವವನ್ನು ಹೆಚ್ಚಾಗಿ ಹೀರಿ, ಆ ಮೂಲೆ ಉಳಿದ ಕಡೆಗಿಂತ ಹೆಚ್ಚು ಕುಸಿಯುವಂತೆ ಮಾಡಬಲ್ಲದು. ಆದ್ದರಿಂದ ಎರೆಭೂಮಿಯಲ್ಲಿ ಬೇವು, ಹೊಂಗೆಯಂಥ ಮರಗಳನ್ನು ಪಾಯದಿಂದ 15 ಅಡಿಯೊಳಗೆ ನಾನು ನೆಡಿಸುವುದಿಲ್ಲ. ಆಲ, ಅರಳಿ, ಬಸರಿ, ಅತ್ತಿ ಯಾವುವೂ ಮನೆಗಳ ಸಾಲಿನಲ್ಲಿ ಬೇಡ. ಅವಕ್ಕೆ ಗುಡಿಯ ಬಯಲು, ಕೆರೆಯ ಏರಿಯ ಆಚೆಯ ಜಾಗ, ಶಾಲೆಯ ಮೈದಾನದ ಅಂಚು ಸರಿ.

ಎಲೆ ಉದುರುವುದು ನೂರಕ್ಕೆ ನೂರು ನಿಜ. ಅದನ್ನು ಗುಡಿಸುವವರು ಯಾರು ಎಂಬುದೇ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರಿಸದೆ ಪರಿಸರದ ಭಾಷಣ ಮಾಡಿದರೆ ಪೊರಕೆ ಹಿಡಿಯುವವರು ನಿಮ್ಮನ್ನು ನಂಬುವುದಿಲ್ಲ. ಕಡಿಯಲು ಬಿಡುವುದಿಲ್ಲ ಎಂಬುದಕ್ಕೂ ಆಧಾರವಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಇದನ್ನು ಮುಚ್ಚಿಡದೆ ಮೊದಲೇ ಹೇಳಿ; ಕಡಿಯುವ ಸಂದರ್ಭವೇ ಬಾರದಂಥ ಗಿಡವನ್ನೂ ಜಾಗವನ್ನೂ ಆ ಮನೆಯವರ ಜೊತೆಗೇ ನಿಂತು ಆರಿಸಿ. ಹಾವಿನ ಮಾತೊಂದೇ ತಪ್ಪು. ಹಾವು ಬರುವುದು ಇಲಿ ಇರುವಲ್ಲಿಗೆ, ಇಲಿ ಇರುವುದು ಕಸದ ರಾಶಿಯಲ್ಲಿ, ಕಲ್ಲುಗುಡ್ಡೆಯಲ್ಲಿ, ಪೊದೆಯಲ್ಲಿ. ಬುಡ ಬಯಲಾಗಿರುವ ಒಂಟಿಮರದಲ್ಲಿ ಅಲ್ಲ.

ಈಗ ‘ಒಪ್ಪಿಸುವುದು’ ಎಂಬ ನಿಮ್ಮ ಮಾತಿಗೆ ಬರುತ್ತೇನೆ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಮರಗಳಿಲ್ಲದ ಬಡಾವಣೆಗಳಿಗೆ ಉಚಿತವಾಗಿ ಗಿಡ ನೆಟ್ಟುಕೊಡುವ ಕಾರ್ಯಕ್ರಮವೊಂದು ನಡೆದಿತ್ತು. 2011ರಿಂದ 2014ರವರೆಗೆ ಗಿಡ ಪಡೆಯಬಹುದಾಗಿದ್ದ 7,425 ಮನೆಯವರಲ್ಲಿ 1,847 ಮಂದಿ, ಅಂದರೆ ಕಾಲುಭಾಗ, ಬೇಡ ಎಂದು ಬರೆದುಕೊಟ್ಟರು. ಇವರಿಗೆ ಮರದ ಬೆಲೆ ತಿಳಿಯದು ಎಂದುಕೊಳ್ಳುವುದು ಸುಲಭವಿತ್ತು. ಸಂಶೋಧಕರೊಬ್ಬರು ಹೋಗಿ ವಿಚಾರಿಸಿದಾಗ ತಿಳಿದದ್ದು, ಅವರಿಗೆ ಮರದ ಮೇಲೆ ಸಿಟ್ಟೇ ಇರಲಿಲ್ಲ ಎಂಬುದು. ಯಾವ ಗಿಡ, ಎಲ್ಲಿ, ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಅವರನ್ನು ಕೇಳದೆಯೇ ತೀರ್ಮಾನಿಸಲಾಗಿತ್ತು. ನಗರಾಡಳಿತ ಹಳೆಯ ಮರಗಳನ್ನು ನೋಡಿಕೊಳ್ಳದೆ ಬಿಟ್ಟದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ನನಗೆ ಈ ಪಾಠ ಹತ್ತಿರದಲ್ಲೇ ಸಿಕ್ಕಿತು. ಸೇವೆಗೆ ಸೇರಿದ ಹೊಸದರಲ್ಲಿ ಉತ್ತರ ಕರ್ನಾಟಕದ ಒಂದು ಪಟ್ಟಣದ ಓಣಿಯಲ್ಲಿ, ಅಳತೆ ಹಿಡಿದು, ಇಪ್ಪತ್ತು ಅಡಿಗೊಂದರಂತೆ ಗುಂಡಿ ತೆಗೆಸಿದೆ. ಒಂದು ಮನೆಯ ಮುಂದೆ ಅಜ್ಜಿಯೊಬ್ಬರು ಗುಂಡಿಯ ಅಂಚಿನಲ್ಲೇ ಕುಳಿತುಬಿಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡು, “ನೀರ ಯಾರ್ ಹಾಕ್ತಾರ್ರೀ? ನಮಗs ಎರಡ ದಿನಕ್ಕೊಮ್ಮೆ ನಳಾ ಬರತದ. ನೀವೇನ್ ದಿನಾ ಬರ್ತೀರೇನು?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಗಿಡವನ್ನು ನೆಟ್ಟೇ ಬಂದೆ, ಮುಂದಿನ ಬೇಸಿಗೆಗೆ ಆ ಸಾಲಿನಲ್ಲಿ ಉಳಿದದ್ದು ಚಹಾದ ಅಂಗಡಿಯ ಮುಂದಿನದೊಂದೇ. ಲೋಟ ತೊಳೆದ ನೀರನ್ನು ಅಂಗಡಿಯವನು ಅದರ ಬುಡಕ್ಕೆ ಚೆಲ್ಲುತ್ತಿದ್ದ.

ಆ ಅಜ್ಜಿಯ ಲೆಕ್ಕವನ್ನೇ ನಿಮ್ಮ 200ಕ್ಕೆ ಹಾಕಿ ನೋಡೋಣ. ಫೆಬ್ರವರಿಯ ನಡುವಿನಿಂದ ಜೂನ್ ನಡುವಿನವರೆಗೆ 120 ದಿನ. ಎರೆಯಲ್ಲಿ ಎಳೆಯ ಗಿಡಕ್ಕೆ ನಾಲ್ಕು ದಿನಕ್ಕೊಮ್ಮೆ ಕನಿಷ್ಠ 20 ಲೀಟರ್ ಬೇಕು, ಅಂದರೆ ಒಂದು ಗಿಡಕ್ಕೆ ಒಂದು ಬೇಸಿಗೆಗೆ 600 ಲೀಟರ್. 200 ಗಿಡಗಳಿಗೆ 1,20,000 ಲೀಟರ್, ಅಂದರೆ 5,000 ಲೀಟರಿನ 24 ಟ್ಯಾಂಕರ್. ಹೀಗೆ ಎರಡು ಬೇಸಿಗೆ ದಾಟಿಸಬೇಕು. ಇದಕ್ಕೆ ಸಂಘದ ಖಾತೆಯಲ್ಲಿ ಹಣವೂ ಪೈಪು ಹಿಡಿದು ಬೀದಿ ಸುತ್ತುವ ಆಳೂ ಇದ್ದರೆ 200 ನೆಡಿ. ಇಲ್ಲದಿದ್ದರೆ ನನ್ನ ಸಲಹೆ 30, ಹೆಚ್ಚೆಂದರೆ 40. ಒಂದು ಮನೆಗೆ ಒಂದು ಗಿಡವಾದರೆ ನಾಲ್ಕು ದಿನಕ್ಕೆ ಎರಡು ಕೊಡ ನೀರು. ಅಷ್ಟನ್ನು ಕೇಳಿದರೆ ಜನ ಕೊಡುತ್ತಾರೆ.

ಆದ್ದರಿಂದ ಎಷ್ಟು ಗಿಡ ಎಂಬುದನ್ನು ಸಭೆಯಲ್ಲಿ ತೀರ್ಮಾನಿಸಬೇಡಿ. ಮೊದಲು ಮನೆಮನೆಗೆ ಹೋಗಿ, ಅದೂ ಸಂಜೆ, ಅದೂ ನಿಮ್ಮಂಥ ಇಬ್ಬರು ಮೂವರು ಹೆಂಗಸರು. ಸಂಘದ ಸಭೆಗೆ ಬಂದು ಕೈ ಎತ್ತುವವರು ಸಾಮಾನ್ಯವಾಗಿ ಗಂಡಸರು, ನೀರು ಹಾಕುವವರು, ಅಂಗಳ ಗುಡಿಸುವವರು ಹೆಂಗಸರು. ಕೈ ಎತ್ತಿದವನ ಮಾತಿನ ಮೇಲೆ ಗುಂಡಿ ತೋಡಿದರೆ ಗಿಡ ಉಳಿಯುವುದಿಲ್ಲ. ಬಾಡಿಗೆಯವರನ್ನು ಬಿಡಬೇಡಿ, ಆದರೆ ಮಾಲೀಕರ ಒಪ್ಪಿಗೆಯನ್ನೂ ಫೋನಿನಲ್ಲಾದರೂ ಪಡೆಯಿರಿ. ಬೇಡ ಎಂದವರ ಮನೆಯ ಮುಂದೆ ನೆಡಲೇಬೇಡಿ, ವಾದವನ್ನೂ ಮಾಡಬೇಡಿ; ಎದುರು ಮನೆಯ ಗಿಡ ಮೂರನೆಯ ವರ್ಷ ಬೈಕಿಗೆ ನೆರಳಾಗುವಷ್ಟು ಬೆಳೆದಾಗ ಅವರೇ ಬಂದು ಕೇಳುವುದನ್ನು ನಾನು ಹಲವು ಕಡೆ ನೋಡಿದ್ದೇನೆ. ಆಟೋ ನಿಲ್ದಾಣದವರು, ಎಳನೀರಿನವರು, ಇಸ್ತ್ರಿಯವರು ಇದ್ದರೆ ಅವರನ್ನು ಮೊದಲು ಕಾಣಿ. ದಿನವಿಡೀ ಬಿಸಿಲಿನಲ್ಲಿ ನಿಲ್ಲುವವರಿಗೆ ನೆರಳಿನ ಬೆಲೆಯನ್ನು ಯಾರೂ ವಿವರಿಸಬೇಕಿಲ್ಲ, ಆಡನ್ನು ಓಡಿಸಲು ಅವರಿಗಿಂತ ಒಳ್ಳೆಯ ಕಾವಲುಗಾರರೂ ಇಲ್ಲ.

1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟದ್ದನ್ನು ನಿಮ್ಮ ಸಂಘದವರು ಉದಾಹರಿಸಬಹುದು. ಅದು ದೊಡ್ಡ ಕೆಲಸವೇ. ಆದರೆ ಬೆಂಗಳೂರಿಗೆ ಏಪ್ರಿಲ್, ಮೇ ತಿಂಗಳಲ್ಲೇ ಒಂದೆರಡು ಹದವಾದ ಮಳೆ ಬೀಳುತ್ತದೆ. ಆ ಲೆಕ್ಕ ಕಲಬುರಗಿಗೆ ಕೂಡುವುದಿಲ್ಲ.

ಜಾಗದ ಆಯ್ಕೆಯಲ್ಲಿ ಸೂರ್ಯನನ್ನು ನೋಡಿಕೊಳ್ಳಿ. ಮೇ ಎರಡನೆಯ ವಾರದಲ್ಲಿ ಕಲಬುರಗಿಯ ನೆತ್ತಿಯ ಮೇಲೇ ಸೂರ್ಯ ಹಾಯುತ್ತಾನೆ, ನಡುಮಧ್ಯಾಹ್ನ ನೆಟ್ಟಗಿನ ಕಂಬಕ್ಕೆ ನೆರಳೇ ಇರುವುದಿಲ್ಲ. ಅಂದರೆ ಆ ಹೊತ್ತಿನಲ್ಲಿ ಮರದ ನೆರಳು ಬೀಳುವುದು ಅದರ ಕೊಂಬೆಗಳ ಕೆಳಗೆ ಮಾತ್ರ. ಉದ್ದಕ್ಕೆ ಬೆಳೆಯುವ ಕಂಬದ ಅಶೋಕ ಸಾಲಾಗಿ ನಿಂತರೂ ನಿಮಗೆ ಪ್ರಯೋಜನವಿಲ್ಲ, ಕೊಡೆಯಂತೆ ಹರಡುವ ಮರವೇ ಬೇಕು. ಮಧ್ಯಾಹ್ನ ಮೂರರ ನಂತರದ ಬಿಸಿಲು ಪಶ್ಚಿಮದಿಂದ, ವಾಯವ್ಯದಿಂದ ಬರುತ್ತದೆ. ಆದ್ದರಿಂದ ಇರುವ 30 ಗಿಡಗಳಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಮನೆಗಳಿಗೆ ಮೊದಲ ಪಾಲು ಕೊಡಿ.

ಗಿಡ ಯಾವುದು ಎಂಬುದಕ್ಕೆ ನಾನು ಕೇಳುವ ಮೊದಲ ಪ್ರಶ್ನೆ, ಏಪ್ರಿಲ್ ಕೊನೆಯಲ್ಲಿ ಅದರ ಮೇಲೆ ಎಲೆ ಇರುತ್ತದೆಯೇ ಎಂಬುದು. ಗುಲ್‌ಮೊಹರ್ ಮತ್ತು ಕಕ್ಕೆ ಕಣ್ಣಿಗೆ ಹಬ್ಬ, ಆದರೆ ಹೂ ಬಿಡುವ ಆ ಕಡುಬೇಸಿಗೆಯಲ್ಲೇ ಎಲೆ ಕಡಿಮೆ. ಗುಲ್‌ಮೊಹರಿನ ಕೊಂಬೆ ಮುಂಗಾರುಪೂರ್ವ ಗಾಳಿಗೆ ಮುರಿಯುವುದೂ ಹೆಚ್ಚು. ಬೇವು, ಹೊಂಗೆ ಎರಡೂ ಯುಗಾದಿಯ ಆಸುಪಾಸಿಗೆ ಹೊಸ ಚಿಗುರು ಹೊತ್ತು ಮೇ ತಿಂಗಳಿಗೆ ದಟ್ಟ ನೆರಳು ಕೊಡುತ್ತವೆ, ಎರೆಗೂ ಹೊಂದುತ್ತವೆ. ಅಗಲ ಜಾಗವಿದ್ದಲ್ಲಿ ಹುಣಸೆ, ನೀರು ಸ್ವಲ್ಪ ಹೆಚ್ಚು ಸಿಗುವಲ್ಲಿ ನೇರಳೆ ಆಗಬಹುದು. ನೇರಳೆ ಹಣ್ಣಿನ ಕಲೆಯ ಬಗ್ಗೆ ಕಾರಿನವರಿಗೆ ಮೊದಲೇ ಹೇಳಿರಿ. ವಿದ್ಯುತ್ ತಂತಿ ಹಾದಿರುವ ಬದಿಗೆ ಪೇರಲ, ಕರಿಬೇವು, ಪಾರಿಜಾತದಂಥ ಗಿಡ್ಡ ಜಾತಿಗಳೇ ಇರಲಿ. ಅವು ರಸ್ತೆಗೆ ನೆರಳು ಕೊಡಲಾರವು, ಆದರೆ ಜೆಸ್ಕಾಂನವರು ಪ್ರತಿ ವರ್ಷ ಬಂದು ತಲೆ ಬೋಳಿಸುವ ಬೇವಿಗಿಂತ ಮೇಲು. ಎಲ್ಲವೂ ಬೇವೇ ಆಗಿರುವುದು ಬೇಡ. ಬೇವಿನ ತುದಿಗಳು ಒಣಗುವ ರೋಗ ದಖ್ಖನ್ನಿನ ಊರುಗಳಲ್ಲಿ ಇತ್ತೀಚೆಗೆ ಕಾಣಿಸಿಕೊಂಡಿದೆ. ಒಂದೇ ಜಾತಿಯಿದ್ದರೆ ಇಡೀ ಬೀದಿ ಒಟ್ಟಿಗೆ ಸೊರಗುತ್ತದೆ. ಬೇಗ ಬೆಳೆಯುತ್ತದೆಂದು ನರ್ಸರಿಯವರು ಕೊನೊಕಾರ್ಪಸ್ ತೋರಿಸಿದರೆ ಬೇಡವೆನ್ನಿ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದೆ.

ನಿಮ್ಮ 49 ಗಿಡಗಳು ಹೋದದ್ದರಲ್ಲಿ ಆಡಿನ ಪಾಲಿಗಿಂತ ದಿನಾಂಕದ ಪಾಲು ದೊಡ್ಡದು ಎಂದು ನನ್ನ ಅಂದಾಜು. ಜೂನ್ 5 ಇನ್ನೂ ರೋಹಿಣಿ ಮಳೆಯ ಕಾಲ, ನೆಲ ಒಳಗೆ ಕಾದೇ ಇರುತ್ತದೆ. ಆ ದಿನ ಬೇಕಿದ್ದರೆ ಗುಂಡಿ ತೆಗೆಯುವ ಕಾರ್ಯಕ್ರಮ ಮಾಡಿ, ಫೋಟೋ ಅದಕ್ಕೂ ಬರುತ್ತದೆ. ಸಸಿ ಇಡುವುದು ಜೂನ್ ಕೊನೆಯ ಆರಿದ್ರಾ ಮಳೆ ಬಿದ್ದು ನೆಲ ಮೊಳಕೈ ಆಳಕ್ಕೆ ನೆನೆದ ಮೇಲೆ. ಗುಂಡಿ ಮೂರು ಅಡಿ ಉದ್ದ, ಅಗಲ, ಆಳ. ಎರೆಯ ಗುಂಡಿಗೆ ಬರಿಯ ಕೆಂಪುಮಣ್ಣು ತುಂಬಿಸಿದರೆ ಅದು ಬೋಗುಣಿಯಂತಾಗಿ ಭಾದ್ರಪದದ ಮಳೆಗೆ ನೀರು ನಿಂತು ಬೇರು ಕೊಳೆಯುತ್ತದೆ; ತೆಗೆದ ಎರೆಯನ್ನೇ ಗರಸು (ಸಣ್ಣ ಕಲ್ಲು ಬೆರೆತ ಒರಟು ಮಣ್ಣು) ಮತ್ತು ಕಳಿತ ಕೊಟ್ಟಿಗೆ ಗೊಬ್ಬರದೊಂದಿಗೆ ಬೆರೆಸಿ ತುಂಬಿ, ಬುಡವನ್ನು ಸುತ್ತಲಿನ ನೆಲಕ್ಕಿಂತ ಮೂರು ನಾಲ್ಕು ಬೆರಳು ಎತ್ತರಿಸಿ. ಸಸಿ ಆರು ಅಡಿಗಿಂತ ಎತ್ತರ, ಹೆಬ್ಬೆರಳಿನಷ್ಟು ದಪ್ಪವಿರಲಿ. ಕೊಳ್ಳುವ ಮೊದಲು ಒಂದೆರಡು ಚೀಲ ಸೀಳಿ ನೋಡಿ. ಬೇರು ತಳದಲ್ಲಿ ಸಿಂಬೆಯಂತೆ ಸುತ್ತಿಕೊಂಡಿದ್ದರೆ ಆ ಸಸಿ ಎಷ್ಟು ಎತ್ತರವಿದ್ದರೂ ಬೇಡ.

ಹಾಸುಗಲ್ಲನ್ನು ಬುಡದ ಸುತ್ತ ನಾಲ್ಕು ಅಡಿ ಚೌಕದಷ್ಟು ಕೀಳಲೇಬೇಕು. ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟು ತೆಗೆಯುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿದ್ದು ಇದೇ ಕಾರಣಕ್ಕೆ. ಬೇಸಿಗೆಯಲ್ಲಿ ಬುಡದ ಮಣ್ಣು ಬಿರಿಯುತ್ತಿದ್ದಂತೆ ಕಳೆ ಕೀಳುವ ಕುರ್ಚಿಗೆಯಿಂದ ಕೆದಕಿ ಬಿರುಕು ಮುಚ್ಚಿ, ಉದುರಿದ ಎಲೆಯನ್ನೇ ಹಾಸಿ. ಗುಡಿಸಿದ ಎಲೆ ಎಲ್ಲಿ ಹಾಕುವುದು ಎಂಬ ಪ್ರಶ್ನೆಗೂ ಇದು ಅರ್ಧ ಉತ್ತರ. ತಳದಲ್ಲಿ ಸಣ್ಣ ತೂತು ಮಾಡಿ ಬಟ್ಟೆಯ ಬತ್ತಿ ಸಿಕ್ಕಿಸಿದ ಮಣ್ಣಿನ ಗಡಿಗೆಯನ್ನು ಬುಡದ ಪಕ್ಕ ಹೂತು ತುಂಬಿಸಿಟ್ಟರೆ ನೀರು ಆವಿಯಾಗದೆ ಬೇರಿಗೇ ಇಳಿಯುತ್ತದೆ. ಎ.ಸಿ.ಯಿಂದ ತೊಟ್ಟಿಕ್ಕುವ ನೀರು, ತರಕಾರಿ ತೊಳೆದ ನೀರು ಒಳ್ಳೆಯವು. ಬಟ್ಟೆ ಒಗೆದ ಸಾಬೂನಿನ ನೀರು ಬೇಡ, ಅದರ ಸೋಡಾ ಎರೆಯನ್ನು ಇನ್ನಷ್ಟು ಬಿಗಿಗೊಳಿಸುತ್ತದೆ.

ಮನೆಗಳ ಹೊಣೆಗೆ ಬಿಡುವ ಈ ದಾರಿಯಲ್ಲೂ ಅಪಾಯವಿದೆ: ಮನೆ ಖಾಲಿಯಾದರೆ, ಬಾಣಂತನಕ್ಕೆಂದು ಊರಿಗೆ ಹೋದರೆ ಗಿಡ ಅನಾಥ. ಅದಕ್ಕಾಗಿ ಸಂಘದಿಂದ ಒಬ್ಬರಿಗೆ ನಾಲ್ಕು ತಿಂಗಳ ಸಂಬಳ ಕೊಟ್ಟು ಬಿಟ್ಟುಹೋದ ಗಿಡಗಳನ್ನು ನೋಡಿಕೊಳ್ಳುವಂತೆ ಮಾಡಿ. ಕೊಲಂಬಿಯಾದ ಮೆಡೆಲಿನ್ ನಗರ ತನ್ನ 30 ಹಸಿರು ಓಣಿಗಳಿಗೆ ಬಡ ಬಡಾವಣೆಗಳ 75 ನಿವಾಸಿಗಳನ್ನೇ ತರಬೇತುಗೊಳಿಸಿ ತೋಟಗಾರರನ್ನಾಗಿ ಮಾಡಿಕೊಂಡಿತು. ಪುಕ್ಕಟೆ ಸೇವೆಯೊಂದನ್ನೇ ನಂಬಿದ ಯೋಜನೆಗಳು ಎರಡನೆಯ ಬೇಸಿಗೆಯಲ್ಲಿ ಸೋರುವುದನ್ನು ನಾನು ಕಂಡಿದ್ದೇನೆ. ಉದ್ಯಾನದ ಮೂಲೆಯಲ್ಲಿ ಒತ್ತೊತ್ತಾಗಿ ನೆಡುವ ಕಿರುಗಾಡು ಪಕ್ಷಿಗಳಿಗೆ ಒಳ್ಳೆಯದು, ನೀವು ನಡೆಯುವ ರಸ್ತೆಗೆ ನೆರಳು ಕೊಡುವುದಿಲ್ಲ. ಇನ್ನು ತಗಡಿನ ಮನೆಗಳ ಇಕ್ಕಟ್ಟಿನ ಓಣಿ ನಿಮ್ಮ ಬಡಾವಣೆಯ ಅಂಚಿನಲ್ಲಿದ್ದರೆ, ಎಲ್ಲರಿಗಿಂತ ಹೆಚ್ಚು ಬೇಯುವವರು ಅವರೇ, ಗುಂಡಿಗೆ ಜಾಗವಿಲ್ಲದವರೂ ಅವರೇ. ಅಲ್ಲಿ ಚಾವಣಿಗೆ ಬಿಳಿ ಸುಣ್ಣ, ಮುಂದೆ ಚಪ್ಪರ, ಓಣಿಯ ಬಾಯಿಯಲ್ಲಿ ಒಂದು ದೊಡ್ಡ ಮರ, ಇಷ್ಟನ್ನಾದರೂ ನಿಮ್ಮ 30ರ ಲೆಕ್ಕದೊಳಗೆ ಸೇರಿಸಿಕೊಳ್ಳಿ.

ಬಿಸಿನೀರು ಬಿದ್ದ ಹೊಂಗೆಯ ವಿಷಯ ಉಳಿಯಿತು. ಅಂಗಡಿಯವರ ಮೇಲೆ ದೂರು ಕೊಡುವ ಮೊದಲು ಅವರ ಬೋರ್ಡು ಗಿಡದ ಹಿಂದೆ ಮರೆಯಾಗಿತ್ತೇ ಎಂದು ರಸ್ತೆಯ ಆಚೆ ನಿಂತು ನೋಡಿ. ಆಗಿದ್ದರೆ ಮೂರನೆಯ ವರ್ಷಕ್ಕೆ ಕೆಳಗಿನ ಕೊಂಬೆಗಳನ್ನು ಸವರಿ ಬೋರ್ಡಿನ ಮೇಲಕ್ಕೆ ಎತ್ತರಿಸಬಹುದೆಂದು ಅವರಿಗೆ ತೋರಿಸಿಕೊಡಿ. ಅದಕ್ಕೂ ಒಪ್ಪದಿದ್ದರೆ ಆ ಜಾಗ ಬಿಟ್ಟುಬಿಡಿ. ಗಿಡದ ಬುಡದ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಹೊಂಗೆ ಬುಡದಿಂದಲೇ ಮತ್ತೆ ಚಿಗುರಬಲ್ಲದು. ಆಗಸ್ಟ್ ಮೊದಲ ಭಾಗದ ಆಶ್ಲೇಷಾ ಮಳೆಯವರೆಗೆ ಅದನ್ನು ಕೀಳಬೇಡಿ.